ಎಕ್ಸ್, ವೈ ಮತ್ತು ಸೋದರಮಾವ: ಅಪ್ಪ ಅಮ್ಮನಿಂದ ಮಕ್ಕಳಿಗೆ ಏನೇನು ಬರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಹತ್ತಿರದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ್ದೇನೆ. ಅನುವಂಶೀಯತೆಯ ಪಾಠ ಬಂದಾಗ ಮಕ್ಕಳು ತರಗತಿಯಲ್ಲಿ ಕೇಳುವ ಪ್ರಶ್ನೆ ಒಂದು ಬಗೆಯದು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವರ ಅಮ್ಮಂದಿರು ಮೆಲ್ಲಗೆ ಕೇಳುವುದು ಇನ್ನೊಂದು ಬಗೆಯದು. ನನ್ನ ಅಮ್ಮನ ತಮ್ಮ ಕುಸುಮ ರೋಗದಿಂದ ಹತ್ತೊಂಬತ್ತು ವರ್ಷಕ್ಕೇ ತೀರಿಕೊಂಡರು. ರಕ್ತ ಹೆಪ್ಪುಗಟ್ಟದ ಈ ಕಾಯಿಲೆಗೆ ಡಾಕ್ಟರುಗಳು ಹಿಮೋಫಿಲಿಯಾ ಎನ್ನುತ್ತಾರೆ. ನನ್ನ ಮಗನಿಗೂ ಅದು ಇದೆ. ಆದ್ದರಿಂದ ಇಷ್ಟು ವರ್ಷಗಳಲ್ಲಿ ಎರಡೂ ಕಡೆಯಿಂದ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಎಕ್ಸ್, ವೈ ಅಂದರೆ ಏನು?

ನಮ್ಮ ಮೈಯ ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲೂ 46 ಕ್ರೋಮೋಸೋಮ್ ಇರುತ್ತವೆ. ಪಠ್ಯಪುಸ್ತಕದಲ್ಲಿ ಇದಕ್ಕೆ ವರ್ಣತಂತು ಎನ್ನುತ್ತಾರೆ. ಅಮ್ಮನಿಂದ 23, ಅಪ್ಪನಿಂದ 23. ಇವುಗಳಲ್ಲಿ 22 ಜೋಡಿ ಗಂಡಿಗೂ ಹೆಣ್ಣಿಗೂ ಒಂದೇ ರೀತಿ. ಕೊನೆಯ ಜೋಡಿ ಮಾತ್ರ ಬೇರೆ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್, ಒಂದು ವೈ.

ಎರಡೂ ಒಂದೇ ಗಾತ್ರದವಲ್ಲ. ಎಕ್ಸ್ ದೊಡ್ಡದು, ಪ್ರೋಟೀನು ತಯಾರಿಸುವ ಸುಮಾರು 800ಕ್ಕಿಂತ ಜಾಸ್ತಿ ಜೀನುಗಳು ಅದರಲ್ಲಿವೆ. ವೈ ಅದರ ಅರ್ಧಕ್ಕೂ ಚಿಕ್ಕದು. ಅದರಲ್ಲಿ ಜೀನುಗಳೂ ತೀರಾ ಕಡಿಮೆ. ರಕ್ತ ಹೆಪ್ಪುಗಟ್ಟಿಸುವುದು, ಬಣ್ಣ ಕಾಣುವುದು, ಸ್ನಾಯು ಗಟ್ಟಿ ಇರುವುದು, ಇಂಥ ಕೆಲಸಗಳ ಜೀನುಗಳು ಎಕ್ಸ್‌ನಲ್ಲಿವೆ. ವೈನಲ್ಲಿ ಅವುಗಳಿಗೆ ಜೋಡಿ ಇಲ್ಲ. ಕೆಳಗಿನ ಎಷ್ಟೋ ಉತ್ತರಗಳ ಬೇರು ಇಲ್ಲೇ ಇದೆ.

ಮಗು ಗಂಡೋ ಹೆಣ್ಣೋ ಅನ್ನುವುದು ಯಾರಿಂದ ತೀರ್ಮಾನ ಆಗುತ್ತದೆ?

ಅಪ್ಪನ ವೀರ್ಯಾಣುವಿನಿಂದ. ಅಮ್ಮನ ಹತ್ತಿರ ಕೊಡಲಿಕ್ಕೆ ಇರುವುದು ಎಕ್ಸ್ ಮಾತ್ರ. ಅಪ್ಪನ ವೀರ್ಯಾಣುಗಳಲ್ಲಿ ಸುಮಾರು ಅರ್ಧದಲ್ಲಿ ಎಕ್ಸ್, ಇನ್ನರ್ಧದಲ್ಲಿ ವೈ. ಯಾವುದು ಮೊದಲು ಸೇರಿತೋ ಅದು. ಇದನ್ನು ಅಪ್ಪ ಆರಿಸುವುದೂ ಇಲ್ಲ. ಆದ್ದರಿಂದ ಅವನನ್ನು ಬೈಯಲಿಕ್ಕೂ ಏನಿಲ್ಲ.

ಇದು ಗೊತ್ತಾಗಿ ನೂರು ವರ್ಷ ದಾಟಿತು. 1905ರಲ್ಲಿ ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ಮಹಿಳೆ ಹಿಟ್ಟಿನಲ್ಲಿ ಬೀಳುವ ಒಂದು ಜೀರುಂಡೆಯ ವೀರ್ಯಾಣುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ತೋರಿಸಿಕೊಟ್ಟರು. ವೈ ಮೇಲಿರುವ ಎಸ್‌ಆರ್‌ವೈ ಎಂಬ ಜೀನು ಭ್ರೂಣದಲ್ಲಿ ವೃಷಣ ಬೆಳೆಯಲು ಚಾಲನೆ ಕೊಡುತ್ತದೆ ಎಂಬುದು 1990ರಲ್ಲಿ ಗೊತ್ತಾಯಿತು. ಆದರೂ ಎರಡನೆಯದೂ ಹೆಣ್ಣಾದರೆ ಬಾಣಂತಿಯ ಮುಖ ನೋಡಿ ನಿಟ್ಟುಸಿರು ಬಿಡುವವರು ನಮ್ಮ ಊರಲ್ಲಿ ಈಗಲೂ ಇದ್ದಾರೆ. ನನಗೆ ಇದನ್ನು ನೋಡಿ ಸುಮ್ಮನಿರಲು ಆಗುವುದಿಲ್ಲ. ಹೆತ್ತವಳು ಆಗ ತಾನೇ ಎದ್ದು ಕೂತಿರುತ್ತಾಳೆ, ಅವಳಿಗೆ ಬೇಕಾದ್ದು ಬಿಸಿ ಗಂಜಿ, ನಿದ್ದೆ.

ಎಲ್ಲ ಜೀವಿಗಳಲ್ಲೂ ಲೆಕ್ಕ ಹೀಗೆಯೇ ಇಲ್ಲ. ಕೋಳಿಗಳಲ್ಲಿ ಮರಿ ಹುಂಜವೋ ಹೇಂಟೆಯೋ ಅನ್ನುವುದು ತಾಯಿಯಿಂದ ತೀರ್ಮಾನ. ಕುಂದಾಪುರದ ಕಡೆಯ ಕಡಲತೀರದಲ್ಲಿ ಮೊಟ್ಟೆ ಇಡುವ ಆಲಿವ್ ರಿಡ್ಲೆ ಆಮೆಗಳಿಗೆ ಎಕ್ಸ್ ವೈ ಯಾವುದೂ ಇಲ್ಲ, ಮರಳಿನ ಬಿಸಿಯೇ ತೀರ್ಮಾನಿಸುತ್ತದೆ. ಮರಳು ಜಾಸ್ತಿ ಬಿಸಿ ಇದ್ದರೆ ಹೆಣ್ಣುಮರಿ ಜಾಸ್ತಿ.

ಮೂರು ಹೆಣ್ಣಾಗಿವೆ. ನಾಲ್ಕನೆಯದು ಗಂಡಾಗುವ ಸಾಧ್ಯತೆ ಜಾಸ್ತಿ ಅಲ್ವಾ?

ಇಲ್ಲ. ಪ್ರತಿ ಸಲವೂ ಹೆಚ್ಚುಕಡಿಮೆ ಅರ್ಧಕ್ಕರ್ಧ. ಹಿಂದಿನ ಹೆರಿಗೆಗಳ ನೆನಪು ವೀರ್ಯಾಣುವಿಗೆ ಇರುವುದಿಲ್ಲ.

ಮಗ ಅಮ್ಮನ ಹಾಗೆ, ಮಗಳು ಅಪ್ಪನ ಹಾಗೆ ಅನ್ನುತ್ತಾರೆ. ನಿಜವಾ?

22 ಜೋಡಿಗಳ ವಿಷಯದಲ್ಲಿ ಇಬ್ಬರಿಗೂ ಇಬ್ಬರಿಂದಲೂ ಸಮಪಾಲು. ಮೂಗು, ಎತ್ತರ, ಮೈಬಣ್ಣ ಇವು ಅನೇಕ ಜೀನುಗಳು ಸೇರಿ ಆಗುವಂಥವು. ಅಲ್ಲಿ ಈ ಮಾತಿಗೆ ಆಧಾರ ಇಲ್ಲ.

ಆದರೆ ಎಕ್ಸ್‌ನ ಮಟ್ಟಿಗೆ ಒಂದು ಎಳೆ ನಿಜ ಇದೆ. ಮಗನಿಗೆ ಇರುವ ಒಂದೇ ಎಕ್ಸ್ ಅಮ್ಮನದು. ಅಪ್ಪನ ಎಕ್ಸ್ ಮಗನಿಗೆ ಬರುವುದೇ ಇಲ್ಲ. ಮಗಳಿಗೆ ಅಪ್ಪನ ಎಕ್ಸ್ ಇಡಿಯಾಗಿ ಬರುತ್ತದೆ. ಅಪ್ಪನಿಗೆ ಆ ಎಕ್ಸ್ ಬಂದದ್ದು ಅವನ ಅಮ್ಮನಿಂದ ತಾನೆ? ಅಂದರೆ ಹೆಣ್ಣುಮಗುವಿನ ಎರಡು ಎಕ್ಸ್‌ಗಳಲ್ಲಿ ಒಂದು ಅಪ್ಪನ ಅಮ್ಮನಿಂದ ಬಂದದ್ದು. ಅದೇ ಅಜ್ಜಿಯ ಎಕ್ಸ್ ಅವಳ ಅಣ್ಣನಿಗೆ ಸಿಗುವುದಿಲ್ಲ. ಅಕ್ಕ ತಂಗಿಯರೆಲ್ಲರಿಗೂ ಅಪ್ಪನಿಂದ ಬರುವ ಎಕ್ಸ್ ಒಂದೇ. ಅಮ್ಮನಿಂದ ಬರುವುದು ಮಾತ್ರ ಅವಳ ಎರಡು ಎಕ್ಸ್‌ಗಳು ತುಂಡು ತುಂಡಾಗಿ ಬೆರೆತು ಬರುವಂಥದ್ದು. ಅದು ಒಬ್ಬೊಬ್ಬರಿಗೆ ಒಂದೊಂದು ರೀತಿ.

ಮಗನಿಗೆ ರಕ್ತ ನಿಲ್ಲುತ್ತಿಲ್ಲ ಅಂತ ಹೋದರೆ ಡಾಕ್ಟರು ಸೋದರಮಾವನ ಬಗ್ಗೆ ಯಾಕೆ ಕೇಳುತ್ತಾರೆ?

ನನ್ನನ್ನೂ ಕೇಳಿದ್ದರು. ಆ ಪ್ರಶ್ನೆ ಎರಡು ವರ್ಷ ಮೊದಲೇ ಯಾರಾದರೂ ಕೇಳಿದ್ದರೆ ಮಗನ ಎಡಮೊಣಕಾಲು ಇವತ್ತು ಸರಿಯಾಗಿ ಮಡಚುತ್ತಿತ್ತು.

ಅವನು ಅಂಬೆಗಾಲಿಡುವಾಗಲೇ ಮೊಣಕಾಲಿನ ಸುತ್ತ ನೀಲಿ ಕಲೆಗಳು ಬೀಳುತ್ತಿದ್ದವು. ನಡೆಯಲು ಕಲಿತ ಮೇಲೆ ಒಮ್ಮೆ ಮಂಡಿ ತೆಂಗಿನಕಾಯಿಯಷ್ಟು ಊದಿಕೊಂಡಿತು. ಒಂದು ಆಸ್ಪತ್ರೆಯಲ್ಲಿ ಉಳುಕು ಅಂದರು, ಸೊಂಟಕ್ಕೆ ನೋವಿನ ಇಂಜೆಕ್ಷನ್ ಕೊಟ್ಟರು. ಇಂಜೆಕ್ಷನ್ ಕೊಟ್ಟ ಜಾಗವೂ ಊದಿತು. ಮನೆಯಲ್ಲಿ ಎಣ್ಣೆ ಹಚ್ಚಿ ತಿಕ್ಕಿದೆವು. ಕೀಲಿನ ಒಳಗೆ ರಕ್ತ ಸೋರುತ್ತಿರುವಾಗ ತಿಕ್ಕಬಾರದು ಅಂತ ನನಗೆ ಗೊತ್ತಿರಲಿಲ್ಲ. ನೆಂಟರೊಬ್ಬರು ದೈವದ ಉಪದ್ರ ಇರಬಹುದು, ಪ್ರಶ್ನೆ ಇಡಿಸಿ ಅಂದರು. ಕೊನೆಗೆ ಒಬ್ಬ ಮಕ್ಕಳ ಡಾಕ್ಟರು ಮಂಡಿ ನೋಡಿ, ನನ್ನ ಕಡೆ ತಿರುಗಿ ಕೇಳಿದರು: ನಿಮ್ಮ ಅಣ್ಣತಮ್ಮಂದಿರಲ್ಲಿ, ಇಲ್ಲಾ ನಿಮ್ಮ ಅಮ್ಮನ ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಹೀಗೆ ರಕ್ತ ನಿಲ್ಲದ ತೊಂದರೆ ಉಂಟಾ? ಹಲ್ಲು ಕೀಳಿಸಿದ ಮೇಲೆ ಮೂರು ದಿನ ರಕ್ತ ನಿಲ್ಲದೆ ಹೋದ ನನ್ನ ಮಾವನ ನೆನಪು ಆಗಲೇ ಬಂದದ್ದು.

ಲೆಕ್ಕ ಹೀಗಿದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಎಂಟನೇ ಫ್ಯಾಕ್ಟರ್ ತಯಾರಿಸುವ ಜೀನು ಎಕ್ಸ್ ಮೇಲಿದೆ. ನನ್ನ ಅಜ್ಜಿಯ ಎರಡು ಎಕ್ಸ್‌ಗಳಲ್ಲಿ ಒಂದರಲ್ಲಿ ಆ ಜೀನು ಕೆಟ್ಟಿತ್ತು. ಇನ್ನೊಂದು ಸರಿ ಇದ್ದುದರಿಂದ ಅವರಿಗೆ ತೊಂದರೆ ಕಾಣಲಿಲ್ಲ. ಕೆಟ್ಟದ್ದು ಮಗನಿಗೆ ಹೋದಾಗ ಅವನಿಗೆ ಇನ್ನೊಂದು ಎಕ್ಸ್ ಇರಲಿಲ್ಲ, ಕಾಯಿಲೆ ಬಂತು. ಅದೇ ಎಕ್ಸ್ ನನ್ನ ಅಮ್ಮನಿಗೂ ಹೋಯಿತು, ಅಮ್ಮನಿಂದ ನನಗೆ, ನನ್ನಿಂದ ಮಗನಿಗೆ. ಮಾವನಿಂದ ನೇರವಾಗಿ ಏನೂ ಬರಲಿಲ್ಲ. ಅವರು ಆ ದಾರಿಯಲ್ಲಿ ಕಣ್ಣಿಗೆ ಬಿದ್ದ ಗುರುತು, ಅಷ್ಟೆ. ಹೆಂಗಸರ ಮೂಲಕ ಸದ್ದಿಲ್ಲದೆ ಬರುವ ದಾರಿ ಅದು. ಸೋದರಮಾವನನ್ನು ಕೇಳಿದರೆ ಮಾತ್ರ ಕಾಣುತ್ತದೆ.

ಹೀಗೆ ಒಂದು ಎಕ್ಸ್‌ನಲ್ಲಿ ಕೆಟ್ಟ ಜೀನು ಇಟ್ಟುಕೊಂಡಿರುವ ತಾಯಿಯನ್ನು ವಾಹಕಿ ಎನ್ನುತ್ತಾರೆ. ಅವಳ ಪ್ರತಿ ಗಂಡುಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಅರ್ಧ, ಪ್ರತಿ ಹೆಣ್ಣುಮಗು ವಾಹಕಿ ಆಗುವ ಸಾಧ್ಯತೆಯೂ ಅರ್ಧ. ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು 5000ಕ್ಕೆ ಒಬ್ಬರಿಗೆ ಈ ಬಗೆಯ ಹಿಮೋಫಿಲಿಯಾ ಇರುತ್ತದೆ. ಇನ್ನೊಂದು ಮಾತು ಮರೆಯಬೇಡಿ. ಸುಮಾರು ಮೂರರಲ್ಲಿ ಒಂದು ಭಾಗದಷ್ಟು ಮನೆಗಳಲ್ಲಿ ಹಿಂದೆ ಯಾರಿಗೂ ಇದ್ದಿರುವುದಿಲ್ಲ, ಜೀನು ಹೊಸದಾಗಿ ಕೆಟ್ಟಿರುತ್ತದೆ. ಸೋದರಮಾವ ಆರೋಗ್ಯವಾಗಿದ್ದಾರೆ ಅಂತ ಪರೀಕ್ಷೆ ಬಿಡಬಾರದು. ಎಪಿಟಿಟಿ ಎಂಬ ಸಾದಾ ರಕ್ತಪರೀಕ್ಷೆಯಲ್ಲೇ ಸಾಮಾನ್ಯವಾಗಿ ಸುಳಿವು ಸಿಗುತ್ತದೆ, ಆಮೇಲೆ ಫ್ಯಾಕ್ಟರ್ ಅಳೆಯುತ್ತಾರೆ.

ನನ್ನ ಅತ್ತೆ ಒಳ್ಳೆಯವರು. ಆದರೂ ಆ ದಿನ, ನಿನ್ನ ಕಡೆಯಿಂದ ಬಂತು ಅಂದರು. ಹೌದು, ನನ್ನ ಕಡೆಯಿಂದಲೇ ಬಂತು. ಯಾವ ದಾರಿಯಲ್ಲಿ ಬಂತು ಅಂತ ಗೊತ್ತಾದರೆ ಮುಂದೆ ಯಾರಿಗೆ ಪರೀಕ್ಷೆ ಮಾಡಿಸಬೇಕು ಅಂತ ಗೊತ್ತಾಗುತ್ತದೆ. ಹಾಗೆ ನನ್ನ ತಂಗಿಗೆ ಮಾಡಿಸಿದೆವು. ಅವಳಿಗೆ ಇರಲಿಲ್ಲ.

ಇದು ನಮ್ಮ ಅಳಿಯಕಟ್ಟಿನ ಹಾಗೇ ಇದೆಯಲ್ಲ?

ಒಬ್ಬ ಹುಡುಗಿ ತರಗತಿಯಲ್ಲಿ ಕೇಳಿದ್ದು. ಮೂವತ್ತು ವರ್ಷದಲ್ಲಿ ನಾನು ಕೇಳಿದ ಅತಿ ಚಂದದ ಪ್ರಶ್ನೆ.

ತುಳುನಾಡಿನ ಅಳಿಯಕಟ್ಟಿನಲ್ಲಿ ಆಸ್ತಿ, ಯಜಮಾನಿಕೆ ಮಾವನಿಂದ ಸೋದರಳಿಯನಿಗೆ. ತುಳುವಿನಲ್ಲಿ ಆ ಮಾವ ತಮ್ಮಲೆ. ಬರಿ, ಅಂದರೆ ಮನೆತನದ ಕುಲ, ಬರುವುದು ಅಮ್ಮನಿಂದ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿಯ ಲೆಕ್ಕ ಬದಲಾಯಿತು. ಆದರೆ ಮದುವೆ ಮಾತುಕತೆಯಲ್ಲಿ ಬರಿ ಯಾವುದು ಅಂತ ಈಗಲೂ ಕೇಳುತ್ತಾರೆ. ಎಕ್ಸ್ ಮೇಲಿನ ಕಾಯಿಲೆ ಕೂಡ ಮಾವನಲ್ಲಿ ಕಂಡು, ಅಳಿಯನಲ್ಲಿ ಕಾಣುತ್ತದೆ. ನಡುವೆ ಇರುವ ಹೆಂಗಸಿನಲ್ಲಿ ಕಾಣುವುದಿಲ್ಲ. ಇಲ್ಲಿಯವರೆಗೆ ಹೋಲಿಕೆ ಸರಿ.

ಆದರೆ ಎಕ್ಸ್ ಬರಿಯ ಗೆರೆ ಬಿಟ್ಟು ಹೊರಗೂ ಹೋಗುತ್ತದೆ. ಕಾಯಿಲೆ ಇರುವ ಗಂಡಸು ತನ್ನ ಎಕ್ಸ್ ಮಗಳಿಗೆ ಕೊಡುತ್ತಾನೆ. ಅವಳ ಬರಿ ಅವನದ್ದಲ್ಲ, ಅವಳ ಅಮ್ಮನದು. ಬರಿಯ ಹಾಗೆಯೇ ನಡೆಯುವ ಇನ್ನೊಂದು ವಸ್ತು ಜೀವಕೋಶದಲ್ಲಿ ಇದೆ: ಮೈಟೊಕಾಂಡ್ರಿಯಾ. ಕೋಶಕ್ಕೆ ಶಕ್ತಿ ಒದಗಿಸುವ ಈ ಕಣಗಳಲ್ಲಿ ತಮ್ಮದೇ ಆದ 37 ಜೀನುಗಳಿವೆ. ಅಮ್ಮ ಅದನ್ನು ಮಗನಿಗೂ ಮಗಳಿಗೂ ಕೊಡುತ್ತಾಳೆ, ಮುಂದಿನ ಪೀಳಿಗೆಗೆ ದಾಟಿಸುವುದು ಮಗಳು ಮಾತ್ರ. ಬರಿಯೂ ಹಾಗೆಯೇ ಅಲ್ವಾ? ಗೋತ್ರ ಹೇಳುವ ಮನೆಗಳಲ್ಲಿ ಅಪ್ಪನಿಂದ ಮಗನಿಗೆ ಹೋಗುವ ಗೆರೆಗೆ ವೈ ಹತ್ತಿರ. ಅಪ್ಪನ ವೈ ಹೆಚ್ಚುಕಡಿಮೆ ಹಾಗೆಯೇ ಮಗನಿಗೆ, ಮೊಮ್ಮಗನಿಗೆ ಹೋಗುತ್ತದೆ. ಎರಡೂ ಪದ್ಧತಿ ಒಂದೇ ಊರಲ್ಲಿ ಇರುವುದರಿಂದ ಉಡುಪಿಯ ಮಕ್ಕಳಿಗೆ ಈ ಪಾಠ ಅರ್ಥ ಮಾಡಿಸುವುದು ಸುಲಭ.

ಮಗನಿಗೆ ಬಣ್ಣಗುರುಡು ಅಂತ ಹಡಗಿನ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಅಪ್ಪ, ಅಮ್ಮ ಇಬ್ಬರಿಗೂ ಬಣ್ಣ ಸರಿ ಕಾಣುತ್ತದಲ್ಲ?

ಮಂಗಳೂರು, ಉಡುಪಿಯ ಎಷ್ಟೋ ಹುಡುಗರಿಗೆ ಇದು ಗೊತ್ತಾಗುವುದು ಮರ್ಚೆಂಟ್ ನೇವಿಯ ವೈದ್ಯಕೀಯ ಪರೀಕ್ಷೆಯಲ್ಲಿ. ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ರಾತ್ರಿ ಎದುರಿನ ಹಡಗು ಯಾವ ಕಡೆ ಹೋಗುತ್ತಿದೆ ಅಂತ ಆ ದೀಪ ನೋಡಿ ತಿಳಿಯಬೇಕು. ಆದ್ದರಿಂದ ಚುಕ್ಕಿಗಳೊಳಗೆ ಅಂಕಿ ಅಡಗಿಸಿದ ಇಶಿಹಾರ ಚಿತ್ರಗಳನ್ನು ತೋರಿಸುತ್ತಾರೆ. 1917ರಿಂದ ಬಳಕೆಯಲ್ಲಿರುವ ಪರೀಕ್ಷೆ ಅದು.

ಕೆಂಪು, ಹಸಿರು ಗುರುತಿಸುವ ಜೀನುಗಳು ಎಕ್ಸ್ ಮೇಲಿವೆ. ಅಮ್ಮನ ಒಂದು ಎಕ್ಸ್‌ನಲ್ಲಿ ದೋಷ ಇದ್ದರೂ ಇನ್ನೊಂದು ಅವಳ ಕೆಲಸ ನಡೆಸಿಕೊಡುತ್ತದೆ. ಮಗನಿಗೆ ಆ ಆಸರೆ ಇಲ್ಲ. ಯುರೋಪ್ ಮೂಲದ ಗಂಡಸರಲ್ಲಿ 100ಕ್ಕೆ ಸುಮಾರು 8 ಮಂದಿಗೆ ಇದು ಇದ್ದರೆ, ಹೆಂಗಸರಲ್ಲಿ 200ಕ್ಕೆ ಒಬ್ಬರಿಗೆ ಮಾತ್ರ. ಹೆಣ್ಣಿಗೆ ಬರಬೇಕಾದರೆ ಅಪ್ಪನಿಗೂ ಇರಬೇಕು, ಅಮ್ಮನಿಂದಲೂ ಬರಬೇಕು.

ಅಪ್ಪ ಬಣ್ಣಗುರುಡು, ಅಮ್ಮನಲ್ಲಿ ದೋಷ ಇಲ್ಲ ಅಂದರೆ ಗಂಡುಮಕ್ಕಳು ಯಾರಿಗೂ ಬರುವುದಿಲ್ಲ. ಹೆಣ್ಣುಮಕ್ಕಳೆಲ್ಲ ವಾಹಕಿಯರು.

ನನ್ನ ಒಬ್ಬ ವಿದ್ಯಾರ್ಥಿ ಪ್ರತಿ ಸಲ ಎಲೆಗೆ ಕಂದು ಬಣ್ಣ ಬಳಿಯುತ್ತಿದ್ದ. ಗಮನ ಇಲ್ಲ ಅಂತ ಬೈದಿದ್ದೆ. ವರ್ಷಗಳ ನಂತರ ಮಂಗಳೂರಿನ ಪರೀಕ್ಷೆಯಲ್ಲಿ ಫೇಲಾಗಿ ಬಂದು ಹೇಳಿದ. ಅವನಲ್ಲಿ ಕ್ಷಮೆ ಕೇಳಿದೆ. ಶಿಕ್ಷಕರು, ಅಪ್ಪ ಅಮ್ಮ ಇದನ್ನು ಐದು, ಆರನೇ ಕ್ಲಾಸಿನಲ್ಲೇ ನೋಡಿಸಿಬಿಡಿ. ಹತ್ತು ನಿಮಿಷದ ಕೆಲಸ. ಹುಡುಗ ಇಪ್ಪತ್ತನೇ ವಯಸ್ಸಿನವರೆಗೆ ಸಿಗದ ಕೆಲಸದ ಕನಸು ಕಾಣುವುದು ತಪ್ಪುತ್ತದೆ.

ಹಾಗಾದರೆ ಹೆಣ್ಣುಮಕ್ಕಳಿಗೆ ಏನೂ ಆಗುವುದಿಲ್ವಾ?

ಆಗಬಹುದು. ವಾಹಕಿ ಅಂದರೆ ಸುಮ್ನೆ ಹೊತ್ತುಕೊಂಡು ಹೋಗುವವಳು ಅಂತ ತುಂಬ ಜನ ತಿಳಿದಿದ್ದಾರೆ.

ಹೆಣ್ಣಿನ ಎರಡೂ ಎಕ್ಸ್ ಪೂರ್ತಿ ಕೆಲಸ ಮಾಡುವುದಿಲ್ಲ. ಭ್ರೂಣ ತೀರಾ ಚಿಕ್ಕದಿರುವಾಗಲೇ ಪ್ರತಿ ಕೋಶದಲ್ಲೂ ಒಂದು ಎಕ್ಸ್ ಬಹುಮಟ್ಟಿಗೆ ಮುದುಡಿ ಸುಮ್ಮನಾಗುತ್ತದೆ. ಕೆಲವು ಕೋಶಗಳಲ್ಲಿ ಅಮ್ಮನದು, ಕೆಲವದರಲ್ಲಿ ಅಪ್ಪನದು. ಇದನ್ನು 1961ರಲ್ಲಿ ಇಂಗ್ಲೆಂಡಿನ ಮೇರಿ ಲಯನ್ ವಿವರಿಸಿದರು. ಮಲ್ಪೆ ಬಂದರಿನಲ್ಲಿ ಮೀನಿಗೆ ಕಾಯುವ ಬೆಕ್ಕುಗಳನ್ನು ನೋಡಿ. ಕಪ್ಪು, ಕಿತ್ತಳೆ ಎರಡೂ ಮಚ್ಚೆ ಇರುವ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ. ಕಿತ್ತಳೆ ಬಣ್ಣದ ಜೀನು ಎಕ್ಸ್ ಮೇಲಿದೆ. ಒಂದು ಎಕ್ಸ್ ಎಚ್ಚರ ಇರುವ ಜಾಗದಲ್ಲಿ ಕಿತ್ತಳೆ, ಇನ್ನೊಂದು ಎಚ್ಚರ ಇರುವ ಜಾಗದಲ್ಲಿ ಕಪ್ಪು. ಈ ಬೆಕ್ಕಿನ ಮೈಮೇಲೆ ಲಯನ್ ಹೇಳಿದ್ದು ಬರೆದಿಟ್ಟ ಹಾಗೆ ಕಾಣುತ್ತದೆ.

ಮನುಷ್ಯರಲ್ಲೂ ಹೀಗೆಯೇ. ಒಬ್ಬ ವಾಹಕಿಯಲ್ಲಿ ಸರಿಯಿರುವ ಎಕ್ಸ್ ಜಾಸ್ತಿ ಕೋಶಗಳಲ್ಲಿ ಮಲಗಿಬಿಟ್ಟರೆ ಅವಳ ಫ್ಯಾಕ್ಟರ್ ಕಡಿಮೆ ಆಗುತ್ತದೆ. ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವ, ಹೆರಿಗೆಯಲ್ಲಿ ಅಪಾಯ. ನನಗೆ ಪ್ರತಿ ತಿಂಗಳು ಎಂಟು ದಿನ ಹೋಗುತ್ತಿತ್ತು, ನಮ್ಮ ಮನೆಯ ಹೆಂಗಸರಿಗೆಲ್ಲ ಹಾಗೆ ಅಂದುಕೊಂಡು ಬೆಳೆದಿದ್ದೆ. ವಾಹಕಿ ಎಂದು ಗೊತ್ತಾದವರು ಹೆರಿಗೆ, ಹಲ್ಲು ಕೀಳಿಸುವುದು, ಆಪರೇಷನ್ ಇವಕ್ಕೆ ಮೊದಲು ಫ್ಯಾಕ್ಟರ್ ಮಟ್ಟ ನೋಡಿಸಲೇಬೇಕು.

ಮಲೇರಿಯಾ ಮಾತ್ರೆ ಕೊಡುವ ಮೊದಲು ಜಿ6ಪಿಡಿ ಪರೀಕ್ಷೆ ಯಾಕೆ?

ಮಂಗಳೂರು ತುಂಬ ವರ್ಷ ಮಲೇರಿಯಾಕ್ಕೆ ಹೆಸರಾಗಿದ್ದ ಊರು, ಹಾಗಾಗಿ ಈ ಪ್ರಶ್ನೆ ನಮ್ಮದೇ. ವೈವ್ಯಾಕ್ಸ್ ಮಲೇರಿಯಾ ಯಕೃತ್ತಿನಲ್ಲಿ ಅಡಗಿ ಕೂತು ಮತ್ತೆ ಬರುತ್ತದೆ. ಅದನ್ನು ಅಲ್ಲಿಂದ ಓಡಿಸಲು 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇದ್ದವರಲ್ಲಿ ಆ ಮಾತ್ರೆ ಕೆಂಪು ರಕ್ತಕಣಗಳನ್ನು ಒಡೆಯಬಹುದು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿ ಆಗುತ್ತದೆ. ಹಾಗಾದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಈ ಕಿಣ್ವದ ಜೀನೂ ಎಕ್ಸ್ ಮೇಲಿದೆ. ತೊಂದರೆ ಗಂಡಸರಿಗೆ ಜಾಸ್ತಿ. ಕೊರತೆ ಇರುವ ಮಗು ಇದ್ದರೆ ಬಟ್ಟೆ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಇಡಬೇಡಿ, ನ್ಯಾಫ್ತಲೀನ್ ಕೂಡ ರಕ್ತಕಣ ಒಡೆಯುತ್ತದೆ. ಫಾವಾ ಬೀನ್ಸ್ ತಿನ್ನಬಾರದು ಅನ್ನುತ್ತಾರೆ. ಅದು ನಮ್ಮ ಅವರೆಕಾಳು ಅಲ್ಲ, ಬೇರೆ ಗಿಡ.

ಬೋಳುತಲೆ ಅಮ್ಮನ ಅಪ್ಪನಿಂದ ಬರುತ್ತದಂತೆ?

ಅರ್ಧ ನಿಜ. ಅದಕ್ಕೆ ಸಂಬಂಧಪಟ್ಟ ಒಂದು ಮುಖ್ಯ ಜೀನು ಎಕ್ಸ್ ಮೇಲಿದೆ. ಬೇರೆ ಕ್ರೋಮೋಸೋಮ್‌ಗಳಲ್ಲೂ ಬೇಕಾದಷ್ಟು ಇವೆ, ಹಾಗಾಗಿ ಅಪ್ಪನ ತಲೆಯನ್ನೂ ನೋಡಬೇಕು.

ಸಂಬಂಧದಲ್ಲಿ ಮದುವೆ ಆದರೆ ಎಕ್ಸ್ ಮೇಲಿನ ಕಾಯಿಲೆ ಬರುತ್ತದಾ?

ಗಂಡುಮಗುವಿಗೆ ಬರುವ ಸಾಧ್ಯತೆ ಇದರಿಂದ ಹೆಚ್ಚುವುದಿಲ್ಲ. ಅವನಿಗೆ ಅಪ್ಪನ ಎಕ್ಸ್ ಬರುವುದೇ ಇಲ್ಲವಲ್ಲ. ಹೆಣ್ಣುಮಗುವಿಗೆ ಎರಡೂ ಕಡೆಯಿಂದ ಒಂದೇ ಕೆಟ್ಟ ಎಕ್ಸ್ ಸಿಗುವ ಸಾಧ್ಯತೆ ಹೆಚ್ಚುತ್ತದೆ. ಉದಾಹರಣೆಗೆ ಕಾಯಿಲೆ ಇರುವ ಮಾವ ಅಕ್ಕನ ಮಗಳನ್ನು ಮದುವೆ ಆದರೆ, ಅವಳೂ ವಾಹಕಿ ಆಗಿರಬಹುದು. ಕರ್ನಾಟಕದ ಹಲವು ಕಡೆ ಆ ಮದುವೆ ಇದೆ. ಅಳಿಯಕಟ್ಟಿನ ಮನೆಗಳಲ್ಲಿ ಮಾವ, ಸೊಸೆ ಒಂದೇ ಬರಿ ಆಗುವುದರಿಂದ ಅದು ನಡೆಯುವುದಿಲ್ಲ. ಉಳಿದ 22 ಜೋಡಿಗಳ ಮೇಲಿನ ಕಾಯಿಲೆಗಳಿಗೆ ಸಂಬಂಧದ ಮದುವೆ ದೊಡ್ಡ ಕಾರಣ, ಅದು ಬೇರೆಯೇ ಪಾಠ.

ಒಂದೇ ಎಕ್ಸ್, ಇಲ್ಲಾ ಎರಡು ಎಕ್ಸ್ ಒಂದು ವೈ ಇರುವವರೂ ಇದ್ದಾರಾ?

ಇದ್ದಾರೆ. ಒಂದೇ ಎಕ್ಸ್ ಇರುವುದು ಟರ್ನರ್ ಸಿಂಡ್ರೋಮ್, ಸುಮಾರು 2500 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ. ಎತ್ತರ ಕಡಿಮೆ, ಮುಟ್ಟು ತಾನಾಗಿ ಶುರುವಾಗದೆ ಇರಬಹುದು. ಬೇಗ ಗೊತ್ತಾದರೆ ಚಿಕಿತ್ಸೆ ಉಂಟು. ಎರಡು ಎಕ್ಸ್ ಜೊತೆಗೆ ವೈ ಇರುವುದು ಕ್ಲೈನ್‌ಫೆಲ್ಟರ್, ಇದು ಇನ್ನೂ ಸಾಮಾನ್ಯ. ಎಷ್ಟೋ ಗಂಡಸರಿಗೆ ಮಕ್ಕಳಾಗಲಿಲ್ಲ ಅಂತ ಪರೀಕ್ಷೆಗೆ ಹೋದಾಗಲೇ ಗೊತ್ತಾಗುವುದು. ಇವು ಹೆಚ್ಚಾಗಿ ಅಂಡಾಣು, ವೀರ್ಯಾಣು ಆಗುವಾಗ ಪಾಲು ತಪ್ಪಿ ಆಗುವಂಥವು. ಅಪ್ಪ ಅಮ್ಮ ಮಾಡಿದ ಯಾವುದರಿಂದಲೂ ಅಲ್ಲ.

ಗರ್ಭದಲ್ಲೇ ಪರೀಕ್ಷೆ ಮಾಡಿಸಬಹುದಾ? ಕಾನೂನು ಏನು ಹೇಳುತ್ತದೆ?

ಗಂಡೋ ಹೆಣ್ಣೋ ತಿಳಿಯಲಿಕ್ಕೆ ಅಂತ ಮಾಡಿಸುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಮನೆತನದಲ್ಲಿ ಎಕ್ಸ್ ಮೇಲಿನ ಕಾಯಿಲೆ ಇದ್ದರೆ, ಅದನ್ನು ಪತ್ತೆ ಮಾಡಲು ನೋಂದಾಯಿತ ಕೇಂದ್ರದಲ್ಲಿ ಪರೀಕ್ಷೆಗೆ ಅದೇ ಕಾಯ್ದೆ ಅವಕಾಶ ಕೊಡುತ್ತದೆ. ಸಾಮಾನ್ಯವಾಗಿ 11ರಿಂದ 13ನೇ ವಾರದಲ್ಲಿ ಮಾಸುವಿನ ಚೂರು ತೆಗೆದು, ಇಲ್ಲವೇ 16ನೇ ವಾರದ ಹೊತ್ತಿಗೆ ಗರ್ಭನೀರು ತೆಗೆದು ನೋಡುತ್ತಾರೆ. ಅದಕ್ಕೂ ಮೊದಲೇ, ಬಸಿರಾಗುವ ಮುಂಚೆ, ಮನೆಯಲ್ಲಿ ಯಾವ ಜೀನು ಹೇಗೆ ಕೆಟ್ಟಿದೆ ಅಂತ ಗೊತ್ತುಮಾಡಿಕೊಂಡಿದ್ದರೆ ಒಳ್ಳೆಯದು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೇ ಮೀಸಲಾದ ತಳಿವಿಜ್ಞಾನ ವಿಭಾಗ ಇದೆ. ಹೋಗುವಾಗ ಅಜ್ಜಿ, ಅಜ್ಜಿಯ ಅಣ್ಣತಮ್ಮಂದಿರವರೆಗೆ ಯಾರಿಗೆ ಏನಿತ್ತು ಅಂತ ಬರೆದುಕೊಂಡು ಹೋಗಿ. ಹಿರಿಯರು ಇರುವಾಗಲೇ ಕೇಳಿ.

ಹಿಮೋಫಿಲಿಯಾ ಇರುವ ಹುಡುಗ ಮದುವೆ ಆಗಬಹುದಾ? ಮಕ್ಕಳಿಗೆ ಬರುತ್ತದಾ?

ಧಾರಾಳವಾಗಿ ಆಗಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ಕಾಯಿಲೆಯೂ ಸೇರಿದೆ. ಪ್ರಮಾಣಪತ್ರ, ಫ್ಯಾಕ್ಟರ್ ಇಂಜೆಕ್ಷನ್ ಬಗ್ಗೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹುಡುಗಿಯ ಮನೆಯವರಿಗೆ ಮೊದಲೇ ಎಲ್ಲ ಹೇಳಿ. ನಾವು ಹೇಳಿದೆವು. ಮೂರು ಸಂಬಂಧ ತಪ್ಪಿತು, ನಾಲ್ಕನೆಯವರು ಕೂತು ಕೇಳಿದರು.

ಅವನ ಗಂಡುಮಕ್ಕಳಿಗೆ ಅವನಿಂದ ಬರುವುದಿಲ್ಲ, ಅವರಿಗೆ ಹೋಗುವುದು ಅವನ ವೈ. ಹೆಣ್ಣುಮಕ್ಕಳೆಲ್ಲರೂ ವಾಹಕಿಯರು, ಅದರಲ್ಲಿ ಸಂಶಯ ಇಲ್ಲ. ನನ್ನ ಮಗನಿಗೆ ಈಗ ನಾಲ್ಕು ವರ್ಷದ ಮಗಳಿದ್ದಾಳೆ. ಅವಳ ಎರಡು ಎಕ್ಸ್‌ಗಳಲ್ಲಿ ಒಂದು ನನ್ನ ಅಜ್ಜಿಯಿಂದ ನನ್ನ ಅಮ್ಮನಿಗೆ, ಅಲ್ಲಿಂದ ನನಗೆ ಬಂದ ಆ ಕೆಟ್ಟ ಜೀನಿನದೇ. ಅವಳ ಫ್ಯಾಕ್ಟರ್ ಮಟ್ಟ ನೋಡಿಸಿದ್ದೇವೆ. ಈ ಜೂನ್‌ನಲ್ಲಿ ಅಂಗನವಾಡಿಗೆ ಸೇರಿಸುವಾಗ ಆ ರಿಪೋರ್ಟಿನ ಜೆರಾಕ್ಸ್ ಒಂದನ್ನು ಟೀಚರ್ ಕೈಗೆ ಕೊಟ್ಟು, ಬಿದ್ದು ಪೆಟ್ಟಾದರೆ ತಿಕ್ಕಬೇಡಿ, ಐಸ್ ಇಟ್ಟು ನನಗೆ ಫೋನ್ ಮಾಡಿ ಅಂತ ಹೇಳಿ ಬಂದಿದ್ದೇನೆ.